ಒಂದರ ಬದಲು ಏಳು ಬೀಳುವುದು ಬೆರಳಿನ ರೂಢಿಯಿಂದ

ಕಲಬುರಗಿಯ ತೊಗರಿ ಅಡತ್ (ದಲ್ಲಾಳಿ) ಅಂಗಡಿಗೆ ನೀವು ಮಾಡಿಕೊಟ್ಟ ಆ್ಯಪ್‌ನಲ್ಲಿ ಮುನೀಮರು ತೂಕ ಬರೆಯುವಾಗ 1ಕ್ಕೆ 7, 3ಕ್ಕೆ 9 ಬೀಳುತ್ತಿರುವುದಕ್ಕೆ ಕಾರಣ ಬಹುಶಃ ಅಂಕಿಗಳ ಜೋಡಣೆ. ಕ್ಯಾಲ್ಕುಲೇಟರಿನ ಮೇಲಿನ ಸಾಲಿನಲ್ಲಿ 7, 8, 9 ಇರುತ್ತವೆ, ಫೋನಿನಲ್ಲಿ 1, 2, 3. ನಡುವಿನ ಸಾಲು ಮಾತ್ರ ಎರಡರಲ್ಲೂ ಒಂದೇ. ಕಣ್ಣು ಚೀಟಿಯ ಮೇಲಿಟ್ಟು ವರ್ಷಗಟ್ಟಲೆ ಕ್ಯಾಲ್ಕುಲೇಟರ್ ಒತ್ತಿದ ಬೆರಳು ಪರದೆಯ ಅಂಕಿಯನ್ನು ಓದಿ ಒತ್ತುವುದಿಲ್ಲ.

ಮೊದಲು ಒಂದು ವಾರದ ತಪ್ಪುಗಳನ್ನು ಚೀಟಿಗಳೊಂದಿಗೆ ತಾಳೆ ನೋಡಿ. ಅದಲುಬದಲು ಮೇಲಿನ ಮತ್ತು ಕೆಳಗಿನ ಸಾಲುಗಳ ನಡುವೆಯೇ ಆಗಿದ್ದು, 4, 5, 6 ಸರಿಯಿದ್ದರೆ, ಫೋನಿನ ಕೀಲಿಮಣೆ ತೆರೆಯದಂತೆ ತಡೆದು, ಕ್ಯಾಲ್ಕುಲೇಟರಿನ ಕ್ರಮದಲ್ಲೇ ನಿಮ್ಮದೊಂದು ಅಂಕಿಫಲಕವನ್ನು ಇರಿಸಿ. ಅದರಲ್ಲಿ 00 ಗುಂಡಿಯನ್ನು ಮರೆಯಬೇಡಿ, ಅವರು ಅದನ್ನು ಹುಡುಕಿಯೇ ಹುಡುಕುತ್ತಾರೆ. ಅಕ್ಕಪಕ್ಕದ ಅಂಕಿಗಳು ತಪ್ಪುತ್ತಿದ್ದರೆ ದೋಷ ಜೋಡಣೆಯದಲ್ಲ, ಗುಂಡಿಗಳು ಕಿರಿದಾಗಿರಬಹುದು.

ಅನಂತರ ಕ್ವಿಂಟಾಲ್ ಮತ್ತು ಕಿಲೋಗಳಿಗೆ ಪ್ರತ್ಯೇಕ ಚೌಕಗಳನ್ನು ಕೊಡಿ, ಏಕೆಂದರೆ 12 ಕ್ವಿಂಟಾಲ್ 5 ಕಿಲೋ ಎಂಬುದನ್ನು ಯಾರಾದರೂ 12.5 ಎಂದು ಬರೆದರೆ 45 ಕಿಲೋ ಹೆಚ್ಚು ದಾಖಲಾಗುತ್ತದೆ. ಮೊತ್ತವನ್ನು 1,00,000 ಎಂಬ ರೀತಿಯಲ್ಲೇ ತೋರಿಸಿ.

ಹೊಸದಾಗಿ ಸೇರಿದ ಹುಡುಗರು ಫೋನಿನ ಕ್ರಮಕ್ಕೆ ಒಗ್ಗಿರಬಹುದಾದ್ದರಿಂದ, ಜೋಡಣೆಯ ಆಯ್ಕೆಯನ್ನು ಸಾಧನಕ್ಕೆ ಕಟ್ಟದೆ ಪ್ರತಿಯೊಬ್ಬರ ಲಾಗಿನ್‌ಗೆ ಕಟ್ಟಿ.