ಸಮಾನ ಭಿನ್ನರಾಶಿ ಬಳಸಿ ಹೊಲದ ಲೆಕ್ಕ ಬಿಡಿಸುವುದು ಹೇಗೆ?

ಪ್ರಶ್ನೆ: ಮಂಡ್ಯದ ರೈತರೊಬ್ಬರು 1 ಎಕರೆಯ 3/8 ಭಾಗಕ್ಕೆ ಕಬ್ಬು, 2/5 ಭಾಗಕ್ಕೆ ರಾಗಿ ಹಾಕಿದ್ದಾರೆ. ಯಾವುದು ಹೆಚ್ಚು? ಉಳಿದದ್ದೆಷ್ಟು?

ಉತ್ತರ: ಎಂಟನೇ ಒಂದು ಪಾಲು, ಐದನೇ ಒಂದು ಪಾಲು ಒಂದೇ ಗಾತ್ರದವಲ್ಲ. ಹಾಗಾಗಿ ನೇರವಾಗಿ ಹೋಲಿಸಲಾಗದು, ಮೊದಲು ಛೇದ (ಕೆಳಗಿನ ಸಂಖ್ಯೆ) ಒಂದೇ ಆಗಬೇಕು. 8 ಮತ್ತು 5ರ ಲ.ಸಾ.ಅ., ಅಂದರೆ ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, 40. ಎಕರೆಗೆ 40 ಗುಂಟೆ ಆದ್ದರಿಂದ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ.

3/8ರ ಅಂಶ (ಮೇಲಿನ ಸಂಖ್ಯೆ), ಛೇದ ಎರಡನ್ನೂ 5ರಿಂದ ಗುಣಿಸಿದರೆ ಅದರ ಸಮಾನ ಭಿನ್ನರಾಶಿ ಸಿಗುತ್ತದೆ: 15/40, ಅಂದರೆ 15 ಗುಂಟೆ ಕಬ್ಬು. 2/5ರ ಅಂಶ, ಛೇದ ಎರಡನ್ನೂ 8ರಿಂದ ಗುಣಿಸಿದರೆ 16/40, ಅಂದರೆ 16 ಗುಂಟೆ ರಾಗಿ. ರಾಗಿಯೇ ಒಂದು ಗುಂಟೆ ಹೆಚ್ಚು. ಒಟ್ಟು 31/40, ಉಳಿದದ್ದು 9 ಗುಂಟೆ.

ಮಕ್ಕಳು ಹೆಚ್ಚಾಗಿ ಎಡವುವುದು ಕೂಡುವಾಗ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 5/13 ಎಂದು ಬರೆಯುತ್ತಾರೆ. ಅದು 15.4 ಗುಂಟೆಯಷ್ಟೇ, ರಾಗಿ ಒಂದೇ 16 ಗುಂಟೆ ಇರುವಾಗ ಎರಡೂ ಸೇರಿ ಅದಕ್ಕಿಂತ ಕಡಿಮೆಯಾಗುವುದು ಹೇಗೆ? ಗುಂಟೆಗೆ ಇಳಿಸಿ ನೋಡಿದರೆ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ.

ಇನ್ನೊಂದು: ಎರಡೂ ಭಿನ್ನರಾಶಿ ಒಂದೇ ಹೊಲದವೇ ಎಂದು ಓದಿಕೊಳ್ಳಿ. 2 ಎಕರೆಯ 2/5 ಎಂದಿದ್ದರೆ ಅದು 32 ಗುಂಟೆ.