ರೋಮನ್ ಉಂಗುರಗಳ ಮೂಲ, ಹೆಸರು ಮತ್ತು ಅಳತೆ

ರೋಮನ್ನರಿಗೆ ಉಂಗುರ ತೊಡುವ ರೂಢಿ ಎಲ್ಲಿಂದ ಬಂತು, ಅದನ್ನು ಅವರು ಏನೆಂದು ಕರೆಯುತ್ತಿದ್ದರು, ಸಂಗ್ರಹಾಲಯಗಳಲ್ಲಿ ಕಾಣುವ ಎಷ್ಟೋ ಉಂಗುರಗಳು ಅಷ್ಟು ಚಿಕ್ಕವಾಗಿರಲು ಕಾರಣವೇನು ಎಂದು ತಾವು ಕೇಳಿದ್ದೀರಿ. ಹಳೆಯ ಮುದ್ರೆಗಳ ಬಗೆಗಿನ ಆಸಕ್ತಿಯಿಂದ ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ಉಂಗುರವು ರೋಮನ್ನರಿಗೆ ಮೊದಲು ಮುದ್ರೆ ಮತ್ತು ಅಂತಸ್ತಿನ ಗುರುತಾಗಿತ್ತು, ಆಮೇಲಷ್ಟೇ ಒಡವೆಯಾಯಿತು ಎಂಬುದನ್ನು ನೆನಪಿನಲ್ಲಿಟ್ಟರೆ ಅಳತೆಯ ವಿಷಯವೂ ಅರ್ಥವಾಗುತ್ತದೆ.

ನಮಗಿರುವ ಮುಖ್ಯ ಆಧಾರ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಸ್ಫೋಟದ ವೇಳೆ ತೀರಿಕೊಂಡ ರೋಮನ್ ಲೇಖಕ ಹಿರಿಯ ಪ್ಲಿನಿಯ ಬರಹ. ಈ ರೂಢಿ ಗ್ರೀಸಿನಿಂದ ಬಂದಿತೆಂದು ಆತ ಹೇಳುತ್ತಾನೆ. ನೆರೆಯ ಎಟ್ರುಸ್ಕನ್ನರು ಚಿನ್ನದ ಉಂಗುರಗಳನ್ನು ಧರಿಸುತ್ತಿದ್ದುದರಿಂದ, ಅವರ ಮೂಲಕವೇ ಬಂದಿರಬೇಕೆಂಬುದು ನನ್ನ ಅಭಿಪ್ರಾಯ. ಮೊದಮೊದಲು ರೋಮನ್ನರದು ಕಬ್ಬಿಣದ ಉಂಗುರ. ವಿದೇಶಕ್ಕೆ ಹೋಗುವ ರಾಯಭಾರಿಗಳಿಗೆ ಸರ್ಕಾರವೇ ಚಿನ್ನದ ಉಂಗುರ ಕೊಡುತ್ತಿದ್ದರೂ ಅವರು ಅದನ್ನು ಸಾರ್ವಜನಿಕವಾಗಿ ಮಾತ್ರ ಧರಿಸಿ, ಮನೆಯಲ್ಲಿ ಕಬ್ಬಿಣದ್ದನ್ನೇ ತೊಡುತ್ತಿದ್ದರು. ಪ್ಲಿನಿಯ ಕಾಲದಲ್ಲೂ ನಿಶ್ಚಿತಾರ್ಥದ ವಧುವಿಗೆ ಹರಳಿಲ್ಲದ ಕಬ್ಬಿಣದ ಉಂಗುರವನ್ನೇ ಕಳುಹಿಸುತ್ತಿದ್ದರಂತೆ. ಚಿನ್ನದ ಉಂಗುರ ಬಹುಕಾಲ ಮೇಲ್ವರ್ಗದವರ ಹಕ್ಕಾಗಿತ್ತು. ಕ್ರಿ.ಶ. 23ರಲ್ಲಿ ಚಕ್ರವರ್ತಿ ತಿಬೇರಿಯಸ್ ಆಳ್ವಿಕೆಯಲ್ಲಿ ಬಂದ ನಿಯಮದಂತೆ, ತಾನೂ ತಂದೆಯೂ ತಾತನೂ ಹುಟ್ಟಿನಿಂದ ಸ್ವತಂತ್ರರಾಗಿದ್ದು, 4,00,000 ಸೆಸ್ಟರ್ಸ್ (ರೋಮನ್ ನಾಣ್ಯ) ಆಸ್ತಿ ಉಳ್ಳವನಿಗೆ ಮಾತ್ರ ಅದು ಸಲ್ಲುತ್ತಿತ್ತು. ಕ್ರಿ.ಶ. ಎರಡನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಸೈನಿಕರಿಗೂ ಈ ಹಕ್ಕನ್ನು ಕೊಟ್ಟ ಮೇಲೆ ಅದರ ಹಿರಿಮೆ ಬಹಳ ಇಳಿಯಿತು.

ಹೆಸರುಗಳ ವಿಚಾರ ಸರಳ. ಲ್ಯಾಟಿನ್ನಿನಲ್ಲಿ ಉಂಗುರಕ್ಕೆ 'ಆನುಲುಸ್' ಎಂದೂ, ಅದಕ್ಕಿಂತ ಹಿಂದಿನವರು 'ಉಂಗುಲುಸ್' ಎಂದೂ ಕರೆಯುತ್ತಿದ್ದರು. ಹರಳು ಕೂರಿಸುವ ಅಗಲವಾದ ಭಾಗ 'ಪಾಲಾ', ಹರಳು 'ಗೆಮ್ಮಾ'. ಮುದ್ರೆಯೊತ್ತಲು ಬಳಸುವ ಉಂಗುರ 'ಆನುಲುಸ್ ಸಿಗ್ನಾಟೋರಿಯುಸ್'. 'ಒಡವೆ' ಎಂಬ ಪದದ ವ್ಯಾಪ್ತಿಗೆ ಇದು ಸೇರುವುದಿಲ್ಲವೆಂದು ರೋಮನ್ ನ್ಯಾಯಶಾಸ್ತ್ರಜ್ಞ ಪೌಲುಸ್ ಸ್ಪಷ್ಟವಾಗಿ ಬರೆದಿದ್ದಾನೆ. ಆಗಸ್ಟಸ್ ಚಕ್ರವರ್ತಿಯು ಮೊದಲು ಸ್ಫಿಂಕ್ಸ್ (ಸಿಂಹದ ದೇಹ, ಮನುಷ್ಯನ ತಲೆಯ ಪುರಾಣಪ್ರಾಣಿ), ಬಳಿಕ ಅಲೆಕ್ಸಾಂಡರನ ಮುಖ, ಕೊನೆಗೆ ಹರಳು ಕೆತ್ತುವ ಕಲಾವಿದ ಡಿಯೋಸ್ಕೂರಿಡಿಸ್ ಕೆತ್ತಿದ ತನ್ನದೇ ಮುಖವನ್ನು ಮುದ್ರೆಯಾಗಿ ಬಳಸಿದ. ಇಂಥ ಕೆತ್ತನೆಗೆ ಬೇಕಾದ ಓನಿಕ್ಸ್ ಎಂಬ ಪಟ್ಟೆಪಟ್ಟೆಯ ಕಲ್ಲು ಸಾತವಾಹನರ ಪೈಠಣದಿಂದ ಭರೂಚ್ ಬಂದರಿಗೆ ಹೋಗುತ್ತಿದ್ದುದು ನಮಗೆ ಕುತೂಹಲದ ಸಂಗತಿ.

ಇನ್ನು ಅಳತೆ. ರೋಮನ್ನರಲ್ಲಿ ಇಂದಿನಂತೆ ಸಂಖ್ಯೆಗಳ ಅಳತೆಪಟ್ಟಿ ಇರಲಿಲ್ಲ. ಮಾರಾಟಗಾರರು ನಮೂದಿಸುವ ಸಂಖ್ಯೆಗಳೆಲ್ಲ ಈಗಿನವರು ಅಳೆದು ಹಾಕಿದವು. ಹಾಗೆಂದು ಅವರು ಅಳತೆಯನ್ನು ಲೆಕ್ಕಿಸುತ್ತಿರಲಿಲ್ಲ ಎಂದಲ್ಲ. ಪ್ರೇಯಸಿಗೆ ಕಳುಹಿಸುವ ಉಂಗುರವನ್ನೇ ಮಾತನಾಡಿಸುವ ಕವಿ ಓವಿಡ್, ಅದು ಅವಳ ಬೆರಳಿಗೆ ಸರಿಯಾಗಿ ಕೂರಲೆಂದು ಹಾರೈಸುತ್ತಾನೆ. ಚಿಕ್ಕ ಉಂಗುರಗಳ ಗುಟ್ಟನ್ನು ಬಿಡಿಸುವವನೂ ಪ್ಲಿನಿಯೇ: ಮೊದಲು ಕಿರುಬೆರಳಿನ ಪಕ್ಕದ ಬೆರಳಿಗೆ ಮಾತ್ರ ಇದ್ದ ಉಂಗುರ ಬರಬರುತ್ತ ತೋರುಬೆರಳಿಗೂ ಕಿರುಬೆರಳಿಗೂ ಏರಿ, ತನ್ನ ಕಾಲಕ್ಕೆ ನಡುಬೆರಳೊಂದನ್ನು ಬಿಟ್ಟು ಎಲ್ಲ ಬೆರಳುಗಳೂ ತುಂಬಿಹೋಗಿವೆ, ಸಾಲದೆಂಬಂತೆ ಬೆರಳಿನ ಗೆಣ್ಣುಗಳಿಗೆಂದೇ ಬೇರೆ ಸಣ್ಣ ಉಂಗುರಗಳಿವೆ ಎಂದು ಆತ ಗೊಣಗುತ್ತಾನೆ. ಆದ್ದರಿಂದ ಒಳವ್ಯಾಸ 14 ಮಿ.ಮೀ. ಇರುವ ಉಂಗುರವನ್ನು ಕಂಡ ಕೂಡಲೇ ಮಗುವಿನದೆಂದು ತೀರ್ಮಾನಿಸಬಾರದು. ಅದು ಹೆಂಗಸಿನದಿರಬಹುದು, ದೊಡ್ಡವರ ಮೇಲಿನ ಗೆಣ್ಣಿನದೂ ಇರಬಹುದು. ಇನ್ನೊಂದು ತುದಿಯಲ್ಲಿ, ದೈತ್ಯದೇಹಿ ಚಕ್ರವರ್ತಿ ಮ್ಯಾಕ್ಸಿಮಿನಸ್ ಹೆಂಡತಿಯ ಕೈಬಳೆಯನ್ನೇ ಹೆಬ್ಬೆರಳಿಗೆ ಉಂಗುರವಾಗಿ ಹಾಕುತ್ತಿದ್ದನೆಂಬ ಕಥೆಯಿದೆ, ಅದನ್ನು ನಂಬಬೇಕಾಗಿಲ್ಲ.

ತಮ್ಮ ಬಳಿ ಅಂಥ ಉಂಗುರವಿದ್ದರೆ ಒಳವ್ಯಾಸವನ್ನು ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ, ಏಕೆಂದರೆ ಅನೇಕ ಉಂಗುರಗಳ ಒಳಸುತ್ತು ಪೂರ್ತಿ ದುಂಡಗಿರುವುದಿಲ್ಲ, ಕೆಲವು ಮಣ್ಣಿನಡಿ ಸೊಟ್ಟಗಾಗಿರುತ್ತವೆ. ಕಬ್ಬಿಣದ್ದಾದರೆ ತುಕ್ಕು ಒಳಕ್ಕೂ ಬೆಳೆದು ಮೂಲ ಅಳತೆಗಿಂತ ಕಿರಿದಾಗಿ ಕಾಣುತ್ತದೆ. ಅಂತರರಾಷ್ಟ್ರೀಯ ಕ್ರಮದಲ್ಲಿ ಉಂಗುರದ ಸಂಖ್ಯೆಯೆಂದರೆ ಒಳಸುತ್ತಳತೆಯ ಮಿ.ಮೀ. ಲೆಕ್ಕ, 54 ಎಂದರೆ ಸುಮಾರು 17.2 ಮಿ.ಮೀ. ಒಳವ್ಯಾಸ. ಬೆರಳಿಗೆ ಬಿಗಿಯಾಯಿತೆಂದು ಅಕ್ಕಸಾಲಿಯಿಂದ ಹಿಗ್ಗಿಸಲು ಮಾತ್ರ ಹೋಗಬೇಡಿ. ಹಳೆಯ ಬೆಳ್ಳಿ ಪೆಡಸಾಗಿರುತ್ತದೆ, ಬಿರುಕು ಬಿಡುತ್ತದೆ.