ಥ್ಯಾಂಕ್ಸ್‌ಗಿವಿಂಗ್ ನಿಜಕ್ಕೂ 1621ರ ಹಬ್ಬವೇ? ಟರ್ಕಿಯೇ ಏಕೆ, ಮನೆಯಲ್ಲಿ ಮಾಡುವುದು ಹೇಗೆ?

ನೀವು ಕೇಳಿರುವುದು ಎರಡು ವಿಷಯ. ಅಮೆರಿಕದ ಈ ಹಬ್ಬ ಎಲ್ಲಿಂದ ಬಂತು ಅನ್ನೋದು ಒಂದು. ಈ ಸಲ ಹನ್ನೆರಡು ಜನರನ್ನು ಊಟಕ್ಕೆ ಕರೆದಿದ್ದೇವೆ, ಅರ್ಧ ಜನ ಸಸ್ಯಾಹಾರಿಗಳು, ಟರ್ಕಿ ಕೋಳಿ ಮಾಡಿ ಅಭ್ಯಾಸವಿಲ್ಲ, ಏನು ಮಾಡೋದು ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರಿಸುತ್ತೇನೆ. ಗುರುವಾರದ ಊಟಕ್ಕೆ ಟರ್ಕಿ ಭಾನುವಾರವೇ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿದಿರಬೇಕು. ಇಳಿಸಿಲ್ಲವಾದರೆ ಆ ಕೆಲಸ ಮುಗಿಸಿ ಬಂದು ಮುಂದೆ ಓದಿ.

1621ರಲ್ಲಿ ಈಗಿನ ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್‌ನಲ್ಲಿ ಊಟ ನಡೆದದ್ದು ನಿಜ. ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಬಂದ 102 ಪ್ರಯಾಣಿಕರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ಸತ್ತಿದ್ದರು. ಉಳಿದವರು ಮುಸುಕಿನ ಜೋಳದ ಬೆಳೆ ಕೈಗೆ ಬಂದ ಖುಷಿಗೆ ಮೂರು ದಿನ ಔತಣ ಮಾಡಿದರು. ಅದರ ಬಗ್ಗೆ ನಮಗಿರುವ ಮುಖ್ಯ ಸಾಕ್ಷಿ ಆ ವಲಸಿಗರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್‌ಲೋ ಆ ಡಿಸೆಂಬರಿನಲ್ಲಿ ಬರೆದ ಪತ್ರದ ಕೆಲವೇ ಸಾಲುಗಳು. ನಾಲ್ಕು ಜನ ಹೋಗಿ ಹಕ್ಕಿ ಹೊಡೆದು ತಂದರು, ಅಲ್ಲಿನ ಮೂಲನಿವಾಸಿಗಳಾದ ವಾಂಪನಾಗ್ ಜನರ ಮುಖಂಡ ಮಾಸಸಾಯ್ಟ್ ಸುಮಾರು ತೊಂಬತ್ತು ಜನರ ಜೊತೆ ಬಂದ, ಅವರು ಐದು ಜಿಂಕೆ ತಂದುಕೊಟ್ಟರು. ಟರ್ಕಿ ಅಂತ ಅದರಲ್ಲಿ ಬರೆದಿಲ್ಲ. ಆ ಸುತ್ತಮುತ್ತ ಕಾಡು ಟರ್ಕಿ ಹೇರಳವಾಗಿದ್ದರಿಂದ ಅದೂ ಇದ್ದಿರಬಹುದು. ಆಲೂಗಡ್ಡೆ ಇರಲಿಲ್ಲ, ಗೋಧಿ ಹಿಟ್ಟಿಲ್ಲದ ಕಾರಣ ಪೈ ಮಾಡುವ ಮಾತೇ ಇಲ್ಲ. ಅವರು ಅದನ್ನು ಥ್ಯಾಂಕ್ಸ್‌ಗಿವಿಂಗ್ ಅಂತ ಕರೆಯಲೂ ಇಲ್ಲ. ಆ ಜನಕ್ಕೆ ಕೃತಜ್ಞತೆಯ ದಿನವೆಂದರೆ ಚರ್ಚಿನಲ್ಲಿ ಪ್ರಾರ್ಥನೆ ಮಾಡುವ ದಿನ. ಅಂಥದ್ದನ್ನು ಅವರು ಆಚರಿಸಿದ್ದು 1623ರಲ್ಲಿ, ಬರ ಕಳೆದು ಮಳೆ ಬಂದಾಗ.

ಈಗಿನ ಹಬ್ಬ 19ನೇ ಶತಮಾನದ ಕೂಸು. ವಿನ್ಸ್‌ಲೋನ ಪತ್ರವನ್ನು 1841ರಲ್ಲಿ ಮತ್ತೆ ಅಚ್ಚು ಮಾಡಿಸಿದ ಬೋಸ್ಟನ್ನಿನ ಪಾದ್ರಿ ಅಲೆಕ್ಸಾಂಡರ್ ಯಂಗ್, ಇದೇ ಮೊದಲ ಥ್ಯಾಂಕ್ಸ್‌ಗಿವಿಂಗ್ ಎಂದು ಒಂದು ಅಡಿಟಿಪ್ಪಣಿ ಹಾಕಿದ. ಇಡೀ ಕಥೆ ನಿಂತಿರುವುದು ಆ ಟಿಪ್ಪಣಿಯ ಮೇಲೆ. ಅದನ್ನು ರಾಷ್ಟ್ರೀಯ ಹಬ್ಬ ಮಾಡಿಸಿದ್ದು ಸಾರಾ ಜೊಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿಯ ಹಟ. ಈಕೆ 1827ರ ತನ್ನ ಕಾದಂಬರಿಯಲ್ಲೇ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಹಬ್ಬದೂಟವನ್ನು ವಿಸ್ತಾರವಾಗಿ ಬಣ್ಣಿಸಿದ್ದಳು. ಮೇಜಿನ ಅಗ್ರಸ್ಥಾನದಲ್ಲಿ ಹುರಿದ ಟರ್ಕಿ, ಕೊನೆಗೆ ಕುಂಬಳದ ಪೈ. ಆಮೇಲೆ ವರ್ಷಗಟ್ಟಲೆ ಗವರ್ನರುಗಳಿಗೆ, ಅಧ್ಯಕ್ಷರಿಗೆ ಪತ್ರ ಬರೆಯುತ್ತಲೇ ಇದ್ದಳು. ಕೊನೆಗೆ 1863ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಕನ್‌ಗೆ ಬರೆದಳು. ಅಂತರ್ಯುದ್ಧದ ನಡುವೆಯೇ ಅಕ್ಟೋಬರ್ 3ರಂದು ಆತನ ಘೋಷಣೆ ಹೊರಬಿತ್ತು. ನವೆಂಬರಿನ ಕೊನೆಯ ಗುರುವಾರ ಹಬ್ಬ.

ದಿನಾಂಕದ ಜಗಳ ಆಮೇಲಿನದು. 1939ರ ನವೆಂಬರಿನಲ್ಲಿ ಐದು ಗುರುವಾರ ಬಂದವು, ಕೊನೆಯದು 30ನೇ ತಾರೀಖು. ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಸಾಲದು ಅಂತ ಅಂಗಡಿಯವರು ಗೋಳಾಡಿದಾಗ ಅಧ್ಯಕ್ಷ ರೂಸ್‌ವೆಲ್ಟ್ ಹಬ್ಬವನ್ನು ಒಂದು ವಾರ ಮೊದಲೇ ಇಟ್ಟರು. ಹೆಚ್ಚುಕಮ್ಮಿ ಅರ್ಧ ರಾಜ್ಯಗಳು ಒಪ್ಪಿದವು, ಅರ್ಧ ಒಪ್ಪಲಿಲ್ಲ, ಟೆಕ್ಸಾಸ್‌ನಂಥವು ಎರಡೂ ದಿನ ರಜೆ ಕೊಟ್ಟವು. 1941ರ ಡಿಸೆಂಬರಿನಲ್ಲಿ ಕಾನೂನು ಬಂದು ನಾಲ್ಕನೇ ಗುರುವಾರ ಎಂದು ನಿಂತಿತು. ಹಾಗಾಗಿ ಹಬ್ಬ ನವೆಂಬರ್ 22ರಿಂದ 28ರೊಳಗೇ ಬೀಳುತ್ತದೆ. ಕೆನಡಾದಲ್ಲಿ ಅದು ಅಕ್ಟೋಬರಿನ ಎರಡನೇ ಸೋಮವಾರ, 1957ರಿಂದ.

ಹಾಗಾದರೆ ಇದು ಸುಗ್ಗಿ ಹಬ್ಬವೇ? ಹೆಸರಿಗೆ ಹೌದು. ಆದರೆ ಕೊಡಗಿನ ಹುತ್ತರಿಯಲ್ಲಿ ಗದ್ದೆಗೆ ಹೋಗಿ ಕದಿರು ಕೊಯ್ದು ಮನೆ ತುಂಬಿಸಿಕೊಳ್ಳುವ ಹಾಗೆ ಇಲ್ಲಿ ಹೊಲದ ಕೆಲಸ ಯಾವುದೂ ಇಲ್ಲ. ನವೆಂಬರ್ ಕೊನೆಯ ಹೊತ್ತಿಗೆ ನ್ಯೂ ಇಂಗ್ಲೆಂಡಿನ ಹೊಲಗಳು ಖಾಲಿ. ನೆಂಟರು ಸೇರುವುದು, ಊಟ ಮಾಡುವುದು, ಟಿವಿಯಲ್ಲಿ ನ್ಯೂಯಾರ್ಕಿನ ಮೇಸೀಸ್ ಮೆರವಣಿಗೆ (1924ರಿಂದ) ಮತ್ತು ಡೆಟ್ರಾಯ್ಟ್ ಲಯನ್ಸ್ ತಂಡದ ಫುಟ್‌ಬಾಲ್ (1934ರಿಂದ) ನೋಡುವುದು, ಇಷ್ಟೇ.

ಇನ್ನೊಂದು ಮುಖವೂ ಇದೆ, ಅದನ್ನು ಬಿಟ್ಟು ಇತಿಹಾಸ ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಪ್ಲಿಮತ್ ನಿಂತಿದ್ದು ಪಟುಕ್ಸೆಟ್ ಎಂಬ ಹಾಳುಬಿದ್ದ ಊರಿನ ಜಾಗದಲ್ಲಿ. 1616ರಿಂದ 1619ರ ನಡುವೆ ಬಂದ ಪಿಡುಗಿನಲ್ಲಿ ಆ ಊರು ಅಳಿದುಹೋಗಿತ್ತು. ವಲಸಿಗರಿಗೆ ಜೋಳ ಬಿತ್ತುವುದನ್ನು, ಗೊಬ್ಬರಕ್ಕೆ ಮೀನು ಹಾಕುವುದನ್ನು ಹೇಳಿಕೊಟ್ಟ ಟಿಸ್ಕ್ವಾಂಟಮ್ ಅದೇ ಊರಿನವನು. 1614ರಲ್ಲಿ ಅವನನ್ನು ಹಿಡಿದೊಯ್ದು ಸ್ಪೇನಿನಲ್ಲಿ ಮಾರಲು ಹೊರಟಿದ್ದರು. ಹೇಗೋ ಇಂಗ್ಲೆಂಡ್ ಸೇರಿ 1619ರಲ್ಲಿ ಮರಳಿದಾಗ ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಔತಣಕ್ಕೆ ಬಂದ ಮಾಸಸಾಯ್ಟ್‌ನ ಮಗ ಮೆಟಾಕಾಮ್ 1676ರಲ್ಲಿ ಇಂಗ್ಲಿಷರ ವಿರುದ್ಧದ ಯುದ್ಧದಲ್ಲಿ ಸತ್ತ, ಅವನ ತಲೆಯನ್ನು ಪ್ಲಿಮತ್‌ನಲ್ಲೇ ಕಂಬಕ್ಕೆ ಸಿಕ್ಕಿಸಿದ್ದರು. 1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಅಲ್ಲಿ ಮೂಲನಿವಾಸಿಗಳು ಶೋಕದಿನ ಆಚರಿಸುತ್ತಾರೆ. ಮಕ್ಕಳ ತಲೆಗೆ ಗರಿ ಕಟ್ಟಿ ವೇಷ ಹಾಕಿಸುವುದನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ.

ಟರ್ಕಿಯೇ ಏಕೆ? ಹಸು ಹಾಲಿಗೆ, ಕೋಳಿ ಮೊಟ್ಟೆಗೆ ಬೇಕಾಗುತ್ತಿತ್ತು. ಟರ್ಕಿಯನ್ನು ಸಾಕುವುದೇ ಮಾಂಸಕ್ಕೆ, ಒಂದು ಕೊಯ್ದರೆ ಮನೆಮಂದಿಗೆಲ್ಲ ಸಾಕು. ಅಂದಹಾಗೆ ಈ ಹಕ್ಕಿ ನಮ್ಮ ಕಡೆಗೂ ಆಗಲೇ ಬಂದಿತ್ತು. 1612ರಲ್ಲಿ ಗೋವಾದಿಂದ ಜಹಾಂಗೀರನ ಆಸ್ಥಾನಕ್ಕೆ ಹೋದ ಟರ್ಕಿಯ ಚಿತ್ರವನ್ನು ಉಸ್ತಾದ್ ಮನ್ಸೂರ್ ಬರೆದಿದ್ದಾನೆ, ಪ್ಲಿಮತ್ ಊಟಕ್ಕಿಂತ ಒಂಬತ್ತು ವರ್ಷ ಮೊದಲು.

ಈಗ ಅಡುಗೆಮನೆಗೆ. ತಲೆಗೆ ಒಂದರಿಂದ ಒಂದೂವರೆ ಪೌಂಡ್ ಲೆಕ್ಕ. ನಿಮ್ಮಲ್ಲಿ ತಿನ್ನುವವರು ಆರು ಜನ, 10ರಿಂದ 12 ಪೌಂಡಿನ ಟರ್ಕಿ ಧಾರಾಳ. ಇಡೀ ಹಕ್ಕಿ ಬೇಡವೆನಿಸಿದರೆ ಮೂಳೆಸಹಿತ ಎದೆಭಾಗವೊಂದೇ ಸಿಗುತ್ತದೆ. ಆರು ಪೌಂಡಿನದು ಎರಡು ಗಂಟೆ ಆಸುಪಾಸಿನಲ್ಲಿ ಬೇಯುತ್ತದೆ, ಕಾಲು ಇಷ್ಟಪಡುವವರು ಮಾತ್ರ ಮುನಿಸಿಕೊಳ್ಳುತ್ತಾರೆ.

ಮಂಜು ಬಿಡಲು ಫ್ರಿಜ್ಜಿನಲ್ಲಿ ಪ್ರತಿ 4-5 ಪೌಂಡಿಗೆ 24 ಗಂಟೆ ಬೇಕು. ಅಂದರೆ 12 ಪೌಂಡಿಗೆ ಮೂರು ದಿನ. ಕೆಳಗೆ ತಟ್ಟೆ ಇಡಿ, ರಸ ಸೋರುತ್ತದೆ. ಮರೆತುಬಿಟ್ಟಿದ್ದರೆ, ಪ್ಯಾಕೆಟ್ ಸಮೇತ ತಣ್ಣೀರಿನಲ್ಲಿ ಮುಳುಗಿಸಿ, ಪೌಂಡಿಗೆ 30 ನಿಮಿಷದಂತೆ ಆರು ಗಂಟೆ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಬೇಕು, ಕರಗಿದ ಕೂಡಲೇ ಬೇಯಿಸಬೇಕು. ಅಡುಗೆಕಟ್ಟೆಯ ಮೇಲೆ ರಾತ್ರಿಯಿಡೀ ಇಟ್ಟರೆ ಹೊರಮೈ ಕೆಡಲು ಶುರುವಾಗಿರುತ್ತದೆ, ಒಳಗೆ ಇನ್ನೂ ಕಲ್ಲು.

ಬುಧವಾರ ಬೆಳಿಗ್ಗೆ ಹೊಟ್ಟೆಯ ಮತ್ತು ಕುತ್ತಿಗೆಯ ಕಡೆಯ ಪೊಳ್ಳುಗಳಲ್ಲಿ ಕೈಹಾಕಿ ಕುತ್ತಿಗೆ, ಗುಂಡಿಗೆ, ಲಿವರ್ ಇರುವ ಪೊಟ್ಟಣ ತೆಗೆಯಿರಿ. ಬಹಳ ಜನ ಅದನ್ನು ಒಳಗೇ ಬಿಟ್ಟು ಬೇಯಿಸುತ್ತಾರೆ. ಹಕ್ಕಿಯನ್ನು ತೊಳೆಯಬೇಡಿ, ಸಿಂಕಿನ ಸುತ್ತೆಲ್ಲ ರೋಗಾಣು ಸಿಡಿಯುತ್ತದೆ. ಕಾಗದದಲ್ಲಿ ಒರೆಸಿ, ಎರಡೂವರೆ ಟೇಬಲ್ ಚಮಚ ಹರಳು ಉಪ್ಪು ಸವರಿ (ಪುಡಿ ಉಪ್ಪಾದರೆ ಅರ್ಧ), ಮುಚ್ಚದೆ ಫ್ರಿಜ್ಜಿನಲ್ಲಿಡಿ. ಮೊದಲು ಲೇಬಲ್ ಓದಿ, ಉಪ್ಪುನೀರು ಸೇರಿಸಿದೆ ಅಂತಿದ್ದರೆ ಮತ್ತೆ ಉಪ್ಪು ಹಾಕಬೇಡಿ.

ಗುರುವಾರ 325 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಒಳಗೆ ಏನೂ ತುಂಬದೆ, 12 ಪೌಂಡಿನದಕ್ಕೆ ಸುಮಾರು ಮೂರು ಗಂಟೆ. ಗಡಿಯಾರ ನಂಬಬೇಡಿ, ಥರ್ಮಾಮೀಟರ್ ನಂಬಿ. ತೊಡೆಯ ಒಳಭಾಗದಲ್ಲಿ ಮೂಳೆಗೆ ತಾಗದಂತೆ ಚುಚ್ಚಿದಾಗ, ಎದೆಯ ದಪ್ಪಭಾಗದಲ್ಲೂ, 165 ಡಿಗ್ರಿ ತೋರಿಸಬೇಕು. ತೊಡೆಗಿಂತ ಎದೆ ಬೇಗ ಬೇಯುತ್ತದೆ, ಟರ್ಕಿ ಒಣಹುಲ್ಲಿನಂತಾಗುವುದು ಅದಕ್ಕೇ. ಎದೆ ಕೆಂಪಾದ ಕೂಡಲೇ ಅದರ ಮೇಲಷ್ಟೇ ಫಾಯಿಲ್ ಮುಚ್ಚಿ. ಸ್ಟಫಿಂಗನ್ನು (ಬ್ರೆಡ್ ತುಂಡುಗಳ ಮಸಾಲೆ ಮಿಶ್ರಣ) ಹೊಟ್ಟೆಯಲ್ಲಿ ತುಂಬಿದರೆ ಅದೂ 165 ಮುಟ್ಟಬೇಕು, ಅಷ್ಟರಲ್ಲಿ ಎದೆ ಹಾಳು. ಬೇರೆ ಪಾತ್ರೆಯಲ್ಲೇ ಬೇಯಿಸಿ. ಎಣ್ಣೆಯಲ್ಲಿ ಕರಿಯುವ ಯೋಚನೆಯಿದ್ದರೆ ಕೈಬಿಡಿ. ಪೂರ್ತಿ ಕರಗದ ಟರ್ಕಿ ಕಾದ ಎಣ್ಣೆಗೆ ಬಿದ್ದರೆ ಮಂಜು ಒಮ್ಮೆಗೇ ಆವಿಯಾಗಿ ಎಣ್ಣೆ ಉಕ್ಕಿ ಬೆಂಕಿ ಹತ್ತುತ್ತದೆ.

ಹೊರತೆಗೆದ ಮೇಲೆ 30-40 ನಿಮಿಷ ಕತ್ತರಿಸದೆ ಬಿಡಿ. ಇರುವುದು ಒಂದೇ ಓವನ್, ಹಾಗಾಗಿ ಈ ಹೊತ್ತೇ ಬಂಗಾರ. ಬೀನ್ಸ್, ಗೆಣಸು, ಸ್ಟಫಿಂಗ್ ಎಲ್ಲ ಆಗ ಒಳಗೆ ಹೋಗುತ್ತವೆ. ಪೈ ಹಿಂದಿನ ದಿನವೇ ಮುಗಿದಿರಲಿ. ಗ್ರೇವಿಗೆ ತಟ್ಟೆಯಲ್ಲಿ ಉಳಿದ ಕೊಬ್ಬು ನಾಲ್ಕು ಟೇಬಲ್ ಚಮಚ, ಮೈದಾ ನಾಲ್ಕು ಟೇಬಲ್ ಚಮಚ ಹುರಿದು, ಎರಡು ಕಪ್ ಸ್ಟಾಕನ್ನು (ಮೂಳೆ, ತರಕಾರಿ ಕುದಿಸಿ ಬಸಿದ ರಸ) ಸ್ವಲ್ಪಸ್ವಲ್ಪವೇ ಬೆರೆಸಿ ಕದಡಿ. ಒಮ್ಮೆಗೇ ಸುರಿದರೆ ಗಂಟು ಕಟ್ಟುತ್ತದೆ.

ಸಸ್ಯಾಹಾರಿಗಳಿಗೆ ಟರ್ಕಿ ಬಿಟ್ಟು ಉಳಿದದ್ದೆಲ್ಲ ನಡೆಯುತ್ತದೆ ಅಂದುಕೊಳ್ಳುವುದೇ ದೊಡ್ಡ ತಪ್ಪು. ಸ್ಟಫಿಂಗಿಗೆ ಸಾಮಾನ್ಯವಾಗಿ ಕೋಳಿ ಸ್ಟಾಕ್ ಹಾಕುತ್ತಾರೆ, ಗೆಣಸಿನ ಮೇಲಿನ ಮಾರ್ಷ್‌ಮೆಲೋ ಎಂಬ ಮೆತ್ತನೆಯ ಮಿಠಾಯಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಇರುತ್ತದೆ, ಕೆಲವು ಪೈ ಹೊದಿಕೆಯಲ್ಲಿ ಹಂದಿ ಕೊಬ್ಬು, ಕುಂಬಳದ ಪೈಯಲ್ಲಿ ಮೊಟ್ಟೆ. ಎರಡು ಮೊಟ್ಟೆಯ ಬದಲು ಮೂರು ಟೇಬಲ್ ಚಮಚ ಕಾರ್ನ್‌ಸ್ಟಾರ್ಚ್ ಹಾಕಿದರೆ ಪೈ ಗಟ್ಟಿಯಾಗಿ ಕೂರುತ್ತದೆ. ನಡುವೆ ಇನ್ನೂ ಸ್ವಲ್ಪ ಅಲುಗಾಡುತ್ತಿರುವಾಗಲೇ ತೆಗೆಯಿರಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ.

ಕ್ರಾನ್‌ಬೆರಿ ಎಂಬ ಪುಟ್ಟ ಕೆಂಪು ಹುಳಿಹಣ್ಣಂತೂ ನಮಗೆ ಹೇಳಿ ಮಾಡಿಸಿದ್ದು. 340 ಗ್ರಾಮಿನ ಒಂದು ಚೀಲಕ್ಕೆ ಒಂದು ಕಪ್ ಸಕ್ಕರೆ, ಒಂದು ಕಪ್ ನೀರು ಹಾಕಿ ಹತ್ತು ನಿಮಿಷ ಕುದಿಸಿದರೆ ಅಮೆರಿಕನ್ನರ ಸಾಸ್. ಬಿಸಿಯಲ್ಲಿ ನೀರಾಗಿ ಕಂಡರೂ ಆರಿದಾಗ ತಾನೇ ಗಟ್ಟಿಯಾಗುತ್ತದೆ. ನಮ್ಮ ಗೊಜ್ಜಿಗೆ ಅದೇ ಚೀಲಕ್ಕೆ ಅರ್ಧ ಕಪ್ ನೀರು. ಹಣ್ಣು ಪಟಪಟ ಒಡೆದ ಮೇಲೆ ಅರ್ಧ ಕಪ್ ಬೆಲ್ಲ, ಉಪ್ಪು, ಎರಡು ಚಮಚ ಖಾರದಪುಡಿ, ಚಿಟಿಕೆ ಹುರಿದ ಮೆಂತ್ಯದ ಪುಡಿ, ಮೇಲೆ ಸಾಸಿವೆ ಇಂಗಿನ ಒಗ್ಗರಣೆ. ಹುಣಸೆಹಣ್ಣು ಬೇಡವೇ ಬೇಡ, ಹುಳಿ ಹಣ್ಣಿನಲ್ಲೇ ಸಾಕಷ್ಟಿದೆ. ಟರ್ಕಿ ತಿನ್ನುವವರೂ ಇದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ, ಎರಡು ಚೀಲದಷ್ಟು ಮಾಡಿ.

ಉಳಿದದ್ದನ್ನು ಎರಡು ಗಂಟೆಯೊಳಗೆ ಮೂಳೆಯಿಂದ ಬಿಡಿಸಿ ಅಗಲ ಡಬ್ಬಿಗಳಲ್ಲಿ ಫ್ರಿಜ್ಜಿಗೆ ಹಾಕಿ. ಮೂರು ನಾಲ್ಕು ದಿನ ಇರುತ್ತದೆ, ಆಮೇಲೆ ಫ್ರೀಜರ್. ಮೂಳೆಗಳನ್ನು ಎಸೆಯಬೇಡಿ, ಶುಕ್ರವಾರ ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಕುಕ್ಕರಿನಲ್ಲಿ ಒಳ್ಳೇ ಸಾರಾಗುತ್ತದೆ.